ಬೀಗಿತ್ತಿಯ ಜೊತೆ ಒಂದೇ ರೂಮು

ಅಲಾಸ್ಕದ ಹಡಗಿಗೆ ಟಿಕೆಟ್ ಮಾಡಿಸಿದ್ದೇನೆ, ನೀನೂ ನಿನ್ನ ಬೀಗಿತ್ತಿಯೂ ಒಂದೇ ರೂಮು ಎಂದು ಮಗ ಖುಷಿಯಿಂದ ಹೇಳಿದ. ನನ್ನ ಎದೆ ಧಸಕ್ಕೆಂದಿತು. ಏಳು ರಾತ್ರಿ ಅವರ ಪಕ್ಕದ ಹಾಸಿಗೆಯಲ್ಲಿ ಮಲಗಬೇಕು. ಸೊಸೆಯ ತಾಯಿ. ಧಾರವಾಡದವರು. ಮದುವೆಯಲ್ಲಿ, ನಾಮಕರಣದಲ್ಲಿ ನೋಡಿದ್ದು ಬಿಟ್ಟರೆ ಹೆಚ್ಚು ಒಡನಾಟ ಇರಲಿಲ್ಲ. ಅವರ ಎದುರಿಗೆ ಮೂಗಿಗೆ ಮಾಸ್ಕ್ ಕಟ್ಟಿಕೊಂಡು, ಪೈಪು ಎಳೆದುಕೊಂಡು ಮಲಗುವುದು ಹೇಗೆ?

ನನಗೆ ಸ್ಲೀಪ್ ಆಪ್ನಿಯಾ ಇದೆ. ಮಲಗಿದಾಗ ಗಂಟಲಿನ ಸ್ನಾಯು ಸಡಿಲವಾಗಿ ಉಸಿರಿನ ದಾರಿ ಮುಚ್ಚಿಕೊಳ್ಳುತ್ತದೆ. ಉಸಿರು ನಿಲ್ಲುತ್ತದೆ. ರಕ್ತದಲ್ಲಿ ಆಮ್ಲಜನಕ ಇಳಿಯುತ್ತದೆ, ಮೆದುಳು ಗಾಬರಿಯಾಗಿ ಎಬ್ಬಿಸುತ್ತದೆ, ಗೊರಕ್ ಎಂದು ಉಸಿರು ಮರಳುತ್ತದೆ. ಬೆಳಿಗ್ಗೆ ನಮಗೆ ಇದ್ಯಾವುದೂ ನೆನಪಿರುವುದಿಲ್ಲ. ಹತ್ತು ಸೆಕೆಂಡಿಗಿಂತ ಜಾಸ್ತಿ ಹೊತ್ತು ನಿಂತರೆ ಒಂದು ಸಲ ಎಂದು ಲೆಕ್ಕ. ಗಂಟೆಗೆ 30 ಸಲ ದಾಟಿದರೆ ಕಾಯಿಲೆ ಜೋರಾಗಿದೆ ಎಂದು ಅರ್ಥ. ಪರೀಕ್ಷೆ ಮಾಡಿಸಿದ ರಾತ್ರಿ ನನ್ನದು 38 ಇತ್ತು.

ಇದನ್ನು ಮೊದಲು ಕಂಡವರು ನಮ್ಮ ಯಜಮಾನರು. ನಡುರಾತ್ರಿ ಭುಜ ಅಲುಗಾಡಿಸಿ "ಮಗ್ಗುಲಾಗು, ಮಗ್ಗುಲಾಗು" ಎನ್ನುತ್ತಿದ್ದರು. ನನ್ನ ಗೊರಕೆಯಿಂದ ಅವರ ನಿದ್ದೆ ಕೆಡುತ್ತಿದೆ ಎಂದುಕೊಂಡು ನಾನು ನಾಚುತ್ತಿದ್ದೆ. ಅವರು ಹೋದ ಮೇಲೆ ಎಬ್ಬಿಸುವವರೇ ಇಲ್ಲವಾದರು. ಬೆಳಿಗ್ಗೆ ಎದ್ದರೆ ತಲೆ ಭಾರ. ಒಲೆಯ ಮುಂದೆ ನಿಂತೇ ತೂಕಡಿಸಿ ಹಾಲು ಉಕ್ಕಿಸಿದ್ದೇನೆ. ಒಮ್ಮೆ ಹಾಸನದಿಂದ ಜೋಗಕ್ಕೆ ಹೋದಾಗ ದಾರಿಯುದ್ದಕ್ಕೂ ಕಾರಿನಲ್ಲಿ ನಿದ್ದೆ, ವಾಪಸ್ ಬರುವಾಗಲೂ ನಿದ್ದೆ. ದುಃಖಕ್ಕೆ ಹೀಗಾಗಿದೆ ಎಂದು ಎಲ್ಲರೂ ಹೇಳಿದರು. ನಾನೂ ನಂಬಿದೆ. ಹೆಂಗಸರು ಗೊರಕೆ ಹೊಡೆಯುತ್ತೇವೆ ಎಂದು ಡಾಕ್ಟರ ಹತ್ತಿರವೂ ಹೇಳಿಕೊಳ್ಳುವುದಿಲ್ಲ ಅಲ್ವಾ? ಆದರೆ ಮುಟ್ಟು ನಿಂತ ಮೇಲೆ ಹೆಂಗಸರಲ್ಲೂ ಈ ಕಾಯಿಲೆ ಹೆಚ್ಚುತ್ತದಂತೆ. ನನಗೆ ಅದು ಗೊತ್ತಾಗಲು ಮೂರು ವರ್ಷ ಹಿಡಿಯಿತು.

ಪರೀಕ್ಷೆಯ ನಂತರ ಮನೆಗೆ ಬಂದದ್ದು ಸಿಪ್ಯಾಪ್ ಮೆಷಿನ್. ಊಟದ ಡಬ್ಬಿಗಿಂತ ಸ್ವಲ್ಪ ದೊಡ್ಡದು. ಗಾಳಿಯನ್ನು ಒತ್ತಡದಲ್ಲಿ ಮೂಗಿಗೆ ಕಳಿಸುತ್ತದೆ, ಆ ಒತ್ತಡಕ್ಕೆ ಗಂಟಲು ಮುಚ್ಚಿಕೊಳ್ಳದೆ ತೆರೆದೇ ಇರುತ್ತದೆ. ಇದನ್ನು 1980ರಲ್ಲಿ ಮೊದಲು ಮಾಡಿ ನೋಡಿದವರು ಆಸ್ಟ್ರೇಲಿಯಾದ ಸಿಡ್ನಿಯ ಡಾಕ್ಟರ್ ಕಾಲಿನ್ ಸಲಿವನ್. ವ್ಯಾಕ್ಯೂಮ್ ಕ್ಲೀನರಿನ ಮೋಟರ್ ಗಾಳಿ ಎಳೆಯುವ ಬದಲು ಊದುವ ಹಾಗೆ ಮಾಡಿಕೊಂಡಿದ್ದರಂತೆ. ನನ್ನ ಡಾಕ್ಟರು ಹೇಳಿದ್ದು. ಅದಕ್ಕೂ ಮುಂಚೆ ಕಾಯಿಲೆ ಜೋರಾದವರಿಗೆ ಕುತ್ತಿಗೆಯಲ್ಲಿ ತೂತು ಮಾಡಿ ಉಸಿರಾಡಿಸುತ್ತಿದ್ದರು. ಆ ಮನುಷ್ಯನಿಗೆ ನಾನು ಮನಸ್ಸಿನಲ್ಲೇ ಎಷ್ಟು ಸಲ ಕೈ ಮುಗಿದಿದ್ದೇನೋ.

ಬೆಂಗಳೂರಿನಿಂದ ಸಿಯಾಟಲ್‌ಗೆ ಮೆಷಿನ್ ನನ್ನ ಕೈಯಲ್ಲೇ ಬಂತು. ಅಮೆರಿಕಕ್ಕೆ ಹೋಗುವ ವಿಮಾನದಲ್ಲಿ ಇದು ಹ್ಯಾಂಡ್ ಲಗೇಜಿನ ಲೆಕ್ಕಕ್ಕೆ ಸೇರುವುದಿಲ್ಲ. 100ರಿಂದ 240 ವೋಲ್ಟ್‌ವರೆಗೆ ಎಲ್ಲಿ ಬೇಕಾದರೂ ಓಡುತ್ತದೆ, ಪಿನ್ ಬದಲಿಸಿದರೆ ಸಾಕು. ಆದರೆ ಹಡಗಿಗೆ ಹೊರಡುವ ಹಿಂದಿನ ದಿನ ನಾನೇ ಅದನ್ನು ಮಗನ ಮನೆಯ ಕಪಾಟಿನಲ್ಲಿ ಇಟ್ಟುಬಿಟ್ಟೆ. "ಏಳು ದಿನ ತಾನೇ" ಎಂದೆ. ಮಗ ಏನೂ ಮಾತಾಡಲಿಲ್ಲ. ತೆಗೆದು ನನ್ನ ಬ್ಯಾಗಿಗೆ ಹಾಕಿದ. ತನ್ನ ಸೂಟ್‌ಕೇಸಿನಲ್ಲಿ ಒಂದು ಉದ್ದನೆಯ ಎಕ್ಸ್‌ಟೆನ್ಷನ್ ಬೋರ್ಡನ್ನೂ ಇಟ್ಟುಕೊಂಡ.

2024ರ ಜೂನ್. ಮಧ್ಯಾಹ್ನ ಹಡಗು ಹತ್ತಿದೆವು. ಸಂಜೆಯಾದರೂ ಮಗನ ಸೂಟ್‌ಕೇಸು ಬರಲಿಲ್ಲ. ಅವನು ಸೆಕ್ಯುರಿಟಿಯವರ ಹತ್ತಿರ ಹೋದರೆ, ಸೂಟ್‌ಕೇಸು ಕೊಟ್ಟು ಎಕ್ಸ್‌ಟೆನ್ಷನ್ ಬೋರ್ಡನ್ನು ಮಾತ್ರ ಇಟ್ಟುಕೊಂಡರಂತೆ. ಅದು ಸರ್ಜ್ ಪ್ರೊಟೆಕ್ಟರ್, ಅಂದರೆ ಕರೆಂಟು ಏಕಾಏಕಿ ಏರಿದರೆ ತಡೆಯುವ ಭಾಗ ಇರುವ ಬೋರ್ಡು. ನೆಲದ ಮೇಲಿನ ಮನೆಗಳಲ್ಲಿ ಎರಡು ವೈರಿನಲ್ಲಿ ಒಂದು ಭೂಮಿಗೆ ಸೇರಿರುತ್ತದೆ. ಹಡಗಿನಲ್ಲಿ ಹಾಗಲ್ಲ, ಎರಡು ವೈರಿನಲ್ಲೂ ಕರೆಂಟು ಇರುತ್ತದೆ. ಅಂಥ ಬೋರ್ಡು ಅಲ್ಲಿ ಬಿಸಿಯಾಗಿ ಹೊತ್ತಿಕೊಳ್ಳಬಹುದು. ಸಮುದ್ರದ ಮಧ್ಯೆ ಬೆಂಕಿ ಎಂದರೆ ಓಡಿಹೋಗುವುದು ಎಲ್ಲಿಗೆ? ಅವರು ಮಾಡಿದ್ದು ಸರಿಯೇ. ಕೇಳಿದ್ದರೆ ಹಡಗಿನವರೇ ಬೇರೆ ವೈರು ಕೊಡುತ್ತಿದ್ದರು. ಹೊರಡುವ ಮುಂಚೆ ಅದಕ್ಕೊಂದು ಫಾರಂ ತುಂಬಬೇಕಿತ್ತು. ತುಂಬದೆ ಇದ್ದದ್ದು ನನ್ನಿಂದ. ಮೆಷಿನ್ ತರುವುದಿಲ್ಲ ಎಂದು ನಾನೇ ಹಟ ಹಿಡಿದಿದ್ದೆನಲ್ಲ.

ನಮ್ಮ ರೂಮಿನಲ್ಲಿ ಎರಡು ಮಂಚ, ಮಧ್ಯೆ ಪುಟ್ಟ ಮೇಜು. ಪ್ಲಗ್ಗಿನ ಜಾಗ ಇದ್ದದ್ದು ಕಾಲಿನ ಕಡೆ, ಕನ್ನಡಿಯ ಕೆಳಗೆ. ದಿಂಬಿನಿಂದ ಹತ್ತಡಿ ದೂರ. ಮೆಷಿನ್ನಿನ ವೈರು ಅಷ್ಟು ದೂರ ಬರುವುದಿಲ್ಲ. ಕಷ್ಟ ತಾನಾಗಿಯೇ ಕಳೆಯಿತು ಎಂದು ನನಗೆ ಒಳಗೊಳಗೇ ಸಮಾಧಾನ. ಮೆಷಿನ್ ಬ್ಯಾಗಿನಲ್ಲೇ ಉಳಿಯಿತು.

ಬೀಗಿತ್ತಿ ಟಿವಿ ಹಾಕಿದರು. ಹಡಗು ಎಲ್ಲಿದೆ, ಯಾವ ಕಡೆ ಹೋಗುತ್ತಿದೆ ಎಂದು ನಕಾಶೆಯಲ್ಲಿ ತೋರಿಸುವ ಚಾನೆಲ್ ಒಂದಿದೆ. ಅದನ್ನು ಹತ್ತಿರ ಹೋಗಿ ನೋಡಿ, "ಹಡಗ ಉತ್ತರಕ್ಕ ಹೊಂಟದ್ರಿ. ನಮ್ಮ ತಲಿ ದಕ್ಷಿಣಕ್ಕನ ಅವ, ಛಲೋ ಆತು" ಎಂದರು. ದಿಂಬುಗಳನ್ನು ಸರಿ ಮಾಡಿಟ್ಟರು. ಉತ್ತರಕ್ಕೆ ತಲೆ ಹಾಕಬಾರದು ಎನ್ನುವುದು ನಮ್ಮ ಮನೆಯಲ್ಲೂ ಇದೆ. ಇಬ್ಬರೂ ದೀಪ ಆರಿಸಿ ಮಲಗಿದೆವು. ಅವರಿಗೆ ನಿದ್ದೆ ಬಂದ ಮೇಲೆ ಮಲಗೋಣ, ಆಗದಿದ್ದರೆ ಬೆಳಗಿನವರೆಗೂ ಕೂತಿರೋಣ ಎಂದುಕೊಂಡು ದಿಂಬಿಗೆ ಒರಗಿ ಕೂತೆ.

ಯಾವಾಗ ಜಾರಿದೆನೋ ಗೊತ್ತಿಲ್ಲ. ಯಾರೋ ಭುಜ ಹಿಡಿದು ಅಲುಗಾಡಿಸಿದರು. ಆ ಅರೆನಿದ್ದೆಯಲ್ಲಿ ನಮ್ಮ ಯಜಮಾನರೇ ಎಂದುಕೊಂಡು ನಾನು ಮಗ್ಗುಲಾಗಲು ಹೋದೆ.

"ಬೀಗರ! ಏಳ್ರಿ! ಉಸರಾಡ್ರಿ ಮೊದಲ!"

ದೀಪ ಹಾಕಿದ್ದರು. ಕೂದಲು ಕೆದರಿತ್ತು, ಮುಖ ಬಿಳಿಚಿಕೊಂಡಿತ್ತು. ಗಡಿಯಾರದಲ್ಲಿ ಎರಡು ಗಂಟೆ. ಅವರ ಕೈ ಇನ್ನೂ ನನ್ನ ಭುಜದ ಮೇಲೆಯೇ ಇತ್ತು, ನಡುಗುತ್ತಿತ್ತು. ನಾನು ಅತ್ತುಬಿಟ್ಟೆ. ಮೂರು ವರ್ಷದಿಂದ ರಾತ್ರಿ ನನ್ನ ಭುಜವನ್ನು ಯಾರೂ ಮುಟ್ಟಿರಲಿಲ್ಲ.

ಎಲ್ಲ ಹೇಳಿದೆ. ಮೆಷಿನ್ ಇದೆ, ನಾಚಿಕೆಯಾಗಿ ತೆಗೆಯಲಿಲ್ಲ, ವೈರೂ ಸಾಲುವುದಿಲ್ಲ ಎಂದೆ. ಅವರು ಒಂದು ಮಾತೂ ಆಡದೆ ಬ್ಯಾಗ್ ಬಿಚ್ಚಿದರು. ಕುರ್ಚಿಯನ್ನು ಮಂಚದ ಕಾಲಿನ ಕಡೆ ಎಳೆದು, ಅದರ ಮೇಲೆ ಮೆಷಿನ್ ಇಟ್ಟು ವೈರು ಹಿಡಿದು ನೋಡಿದರು. ಕನ್ನಡಿಯ ಪ್ಲಗ್ಗಿಗೆ ಸರಿಯಾಗಿ ಮುಟ್ಟಿತು. ಆದರೆ ಪೈಪು ಮೂಗಿಗೆ ಬರಬೇಕಾದರೆ ನಾನು ತಿರುಗಿ ಮಲಗಬೇಕು. ಅಂದರೆ ತಲೆ ಉತ್ತರಕ್ಕೆ. ನಾನು ಅವರ ಮುಖ ನೋಡಿದೆ. ಅವರು ದಿಂಬನ್ನು ಎತ್ತಿ ಈ ಕಡೆ ಹಾಕಿ ಎರಡು ಸಲ ತಟ್ಟಿದರು.

"ಉಸರ ನಿಂತ ಮ್ಯಾಲ ಉತ್ತರೇನು, ದಕ್ಷಿಣೇನ್ರಿ. ಮಲಗ್ರಿ."

ಗಾಳಿಗೆ ತೇವ ಕೊಡಲು ಮೆಷಿನ್ನಿನಲ್ಲಿರುವ ನೀರಿನ ಡಬ್ಬಿ ಖಾಲಿಯೇ ಇತ್ತು. ಅದಕ್ಕೆ ಡಿಸ್ಟಿಲ್ಡ್ ವಾಟರ್ ಆಗಬೇಕು, ನಲ್ಲಿ ನೀರು ಹಾಕಿದರೆ ಉಪ್ಪು ಕಟ್ಟುತ್ತದೆ. ಒಣ ಗಾಳಿಗೆ ಮೂಗು ಉರಿಯಿತು. ಆದರೂ ಮಲಗಿದೆ. ಬೆಳಿಗ್ಗೆ ನಾನು ಕಣ್ಣು ಬಿಟ್ಟಾಗ ಅವರು ಎದ್ದು ಕೂತು ಮೆಷಿನ್ನಿನ ಪರದೆಯನ್ನೇ ನೋಡುತ್ತಿದ್ದರು. "ಎರಡೂವರೆ ಅಂತ ಬರದದ. ಏನ್ರಿ ಅದು?" ಗಂಟೆಗೆ 38 ಸಲ ನಿಲ್ಲುತ್ತಿದ್ದದ್ದು ಈಗ ಎರಡೂವರೆ ಸಲ ಎಂದೆ. ಅವರು ಸ್ವಲ್ಪ ಹೊತ್ತು ಸುಮ್ಮನೆ ಕೂತರು.

ಆಮೇಲೆ ಹೇಳಿದರು. "ನಮ್ಮನಿಯವ್ರಿಗೂ ಹಿಂಗ ಆಗತದ್ರಿ. ಗೊರಕಿ ಹೊಡೀತಿರ್ತಾರ, ಒಮ್ಮೆಲೆ ಸುಮ್ಮನಾಗಿಬಿಡತಾರ. ನಾ ಎಣಸ್ತೀನಿ. ಒಂದ, ಎರಡ, ಮೂರ... ಇಪ್ಪತ್ತರ ತನಕಾ ಎಣಿಸಿದ್ದದ. ಗಟ್ಟಿ ನಿದ್ದಿ ಅಂತ ತಿಳದಿದ್ವಿ."

ಬೀಗರು ವಯಸ್ಸಾದ ತಾಯಿಯನ್ನು ನೋಡಿಕೊಳ್ಳಲು ಧಾರವಾಡದಲ್ಲೇ ಉಳಿದಿದ್ದರು.

ರೂಮು ಗುಡಿಸುವ ಹುಡುಗ ಬಂದಾಗ, ಇಂಗ್ಲಿಷ್ ಬಾರದ ಬೀಗಿತ್ತಿಯೇ ಮುಂದೆ ಹೋಗಿ ಮೆಷಿನ್ ತೋರಿಸಿ, ವೈರು ತೋರಿಸಿ, ಕೈ ಅಗಲಿಸಿ ಇಷ್ಟುದ್ದ ಬೇಕು ಎಂದು ಹೇಳಿದರು. ಅವನು ನಕ್ಕು, ಹದಿನೈದು ನಿಮಿಷದಲ್ಲಿ ಹಡಗಿನ ವೈರೂ ಒಂದು ಗ್ಯಾಲನ್ ಡಿಸ್ಟಿಲ್ಡ್ ವಾಟರೂ ತಂದುಕೊಟ್ಟ. ಇದನ್ನು ಕೇಳುವವರು ಎಷ್ಟೋ ಜನ ಇದ್ದಾರಂತೆ. ನಾನೊಬ್ಬಳೇ ಎಂದುಕೊಂಡಿದ್ದೆ.

ಎರಡನೆಯ ರಾತ್ರಿ ಬೇರೆ ಪಾಠ. ಹಡಗು ಹೊರಸಮುದ್ರದಲ್ಲಿತ್ತು, ಚೆನ್ನಾಗಿ ತೂಗುತ್ತಿತ್ತು. ತಲೆಯ ಪಕ್ಕದ ಮೇಜಿನ ಮೇಲಿಟ್ಟ ಮೆಷಿನ್ ವಾಲಿದಾಗ ನೀರು ಪೈಪಿಗೆ ಇಳಿದು ಗುಳುಗುಳು ಎಂದಿತು, ಮೂಗಿಗೆ ಎರಡು ಹನಿ ಬಿತ್ತು. ಎದ್ದು, ಡಬ್ಬಿಯ ನೀರು ಅರ್ಧ ಚೆಲ್ಲಿ, ಒದ್ದೆ ಟವೆಲ್ ಹಾಸಿ ನೆಲದ ಮೇಲೆ ಇಟ್ಟೆ. ಮೆಷಿನ್ ಯಾವಾಗಲೂ ತಲೆಗಿಂತ ಕೆಳಗೆ ಇರಬೇಕು. ಒದ್ದೆ ಟವೆಲ್ ಮೇಲೆ ಜಾರುವುದೂ ಇಲ್ಲ. ಹಡಗಿಗೆ ಹೋಗುವವರು ಇದನ್ನು ನೆನಪಿಡಿ.

ಕೆಚಿಕನ್, ಜೂನೋ, ಸ್ಕ್ಯಾಗ್ವೆ ಊರುಗಳ ಬಗ್ಗೆ ಬೇರೆಯವರು ಚೆನ್ನಾಗಿ ಬರೆದಿದ್ದಾರೆ. ನಾನು ಗ್ಲೇಸಿಯರ್ ಬೇ ಎಂಬ ಕೊಲ್ಲಿ ಒಂದನ್ನು ಹೇಳುತ್ತೇನೆ. ಆ ದಿನ ಬೆಳಿಗ್ಗೆ ಐದೂವರೆಗೆ ನನಗೆ ತಾನಾಗಿಯೇ ಎಚ್ಚರವಾಯಿತು. ತಲೆ ಹಗುರ. ಶಾಲು ಹೊದ್ದು ಇಬ್ಬರೂ ಡೆಕ್ಕಿಗೆ ಹೋಗಿ ಕೂತೆವು. ರಾಷ್ಟ್ರೀಯ ಉದ್ಯಾನದ ರೇಂಜರುಗಳು ಸಣ್ಣ ದೋಣಿಯಲ್ಲಿ ಬಂದು ನಮ್ಮ ಹಡಗು ಹತ್ತಿದರು. 1794ರಲ್ಲಿ ಇಂಗ್ಲಿಷ್ ನಾವಿಕ ವ್ಯಾಂಕೂವರನ ತಂಡ ಬಂದಾಗ ಇಲ್ಲಿ ಕೊಲ್ಲಿ ಇನ್ನೂ ಬಾಯಿಯಷ್ಟೇ ತೆರೆದಿತ್ತು, ಉಳಿದ ಕಡೆಯೆಲ್ಲ ಹಿಮ ತುಂಬಿತ್ತು. ಈಗ ಹಿಮ 65 ಮೈಲಿ ಹಿಂದೆ ಸರಿದಿದೆ. ಮಾರ್ಜರಿ ಹಿಮನದಿಯ ಎದುರು ಹಡಗು ನಿಂತಿತು. ಒಂದು ಮೈಲಿ ಅಗಲದ ಹಿಮದ ಗೋಡೆ. ಬಿಳಿ ಎಂದುಕೊಂಡಿದ್ದೆ, ಬಿರುಕುಗಳಲ್ಲೆಲ್ಲ ನೀಲಿ. ಬಟ್ಟೆಗೆ ಹಾಕುವ ನೀಲಿ ಕದಡಿದ ಮೊದಲ ಗಳಿಗೆಯ ಬಣ್ಣ. ಮನೆಯಷ್ಟು ದೊಡ್ಡ ತುಂಡೊಂದು ಕಳಚಿ ನೀರಿಗೆ ಬಿತ್ತು. ಬಿದ್ದದ್ದು ಕಣ್ಣಿಗೆ ಕಂಡ ಮೇಲೆ ಸದ್ದು ಬಂತು. ಅಲ್ಲಿನ ಮೂಲನಿವಾಸಿಗಳಾದ ಟ್ಲಿಂಗಿಟ್ ಜನ ಅದನ್ನು ಬಿಳಿ ಗುಡುಗು ಎನ್ನುತ್ತಾರಂತೆ. ನಾಲ್ಕು ಗಂಟೆ ಹೊತ್ತು ಒಂದು ಕ್ಷಣವೂ ಕಣ್ಣು ಎಳೆಯಲಿಲ್ಲ ನನಗೆ. ಜೋಗದ ದಾರಿಯಲ್ಲಿ ನಿದ್ದೆ ಹೋದವಳು ನಾನೇನಾ ಅನಿಸಿತು.

ಕೊನೆಯ ಸಂಜೆ ಹಡಗು ಕೆನಡಾದ ವಿಕ್ಟೋರಿಯಾದಲ್ಲಿ ನಿಂತಿತು. ನಮ್ಮ ಪಾಸ್‌ಪೋರ್ಟಿಗೆ ಅಲ್ಲಿಯ ವೀಸಾ ಬೇರೆ ಬೇಕು, ಮಗ ಮೊದಲೇ ಮಾಡಿಸಿದ್ದ. ದಡಕ್ಕೆ ಇಳಿದು ಫೋನಿಗೆ ಸಿಗ್ನಲ್ ಬಂದದ್ದೇ ತಡ, ಬೀಗಿತ್ತಿ ಧಾರವಾಡಕ್ಕೆ ಫೋನ್ ಮಾಡಿದರು. ನಮಗೆ ರಾತ್ರಿ ಎಂಟು, ಅಲ್ಲಿ ಬೆಳಿಗ್ಗೆ ಎಂಟೂವರೆ.

"ನನಗೇನಾಗೇದ? ಆರಾಮ ನಿದ್ದಿ ಬರ್ತದ" ಎನ್ನುವುದು ಸ್ಪೀಕರಿನಲ್ಲಿ ಕೇಳಿಸಿತು. ಬೀಗಿತ್ತಿ ಫೋನನ್ನು ನನ್ನ ಕೈಗೆ ಇಟ್ಟರು. "ನೀವ ಹೇಳ್ರಿ."

ನನ್ನ ಕಾಯಿಲೆಯ ಬಗ್ಗೆ ಬೀಗರ ಹತ್ತಿರ ಮಾತಾಡುತ್ತೇನೆ ಎಂದು ವಾರದ ಹಿಂದೆ ಯಾರಾದರೂ ಹೇಳಿದ್ದರೆ ನಂಬುತ್ತಿರಲಿಲ್ಲ. "ಬೀಗರೇ, ಬೆಳಿಗ್ಗೆ ಎದ್ದಾಗ ತಲೆ ನೋಯುತ್ತಾ? ರಾತ್ರಿ ಮೂರು ನಾಲ್ಕು ಸಲ ಬಚ್ಚಲಿಗೆ ಏಳ್ತೀರಾ? ಪೇಪರ್ ಓದ್ತಾ ಓದ್ತಾ ನಿದ್ದೆ ಹೋಗ್ತೀರಾ?" ಎಂದು ಕೇಳಿದೆ. ಆ ಕಡೆ ಮಾತಿಲ್ಲ. ಫ್ಯಾನು ತಿರುಗುವ ಸದ್ದು ಮಾತ್ರ ಬರುತ್ತಿತ್ತು.

"ಪೇಪರ್ ಓದೂವಾಗ ಎಲ್ಲಾರಿಗೂ ನಿದ್ದಿ ಬರ್ತದಲ್ರೀ" ಎಂದರು ಕೊನೆಗೆ, ಮೆಲ್ಲಗೆ.

ನನಗೂ ಹಾಗೇ ಅನಿಸಿತ್ತು ಎಂದೆ. ಗಂಟೆಗೆ 38 ಸಲ ನಿಲ್ಲುತ್ತಿತ್ತು ಎಂದೂ ಹೇಳಿದೆ. ಅಷ್ಟರಲ್ಲಿ ಬೀಗಿತ್ತಿ ನನ್ನ ಭುಜದ ಮೇಲಿಂದ ಬಗ್ಗಿ ಫೋನಿಗೆ ಬಾಯಿಟ್ಟರು.

"ಹತ್ತಕ್ಕ ದವಾಖಾನಿ ತಗೀತದ. ಸ್ನಾನಾ ಮಾಡಿ ಹೊಂಡ್ರಿ."