ಗೂಬೆಗೆ ಮನೆ ಕಟ್ಟಿಕೊಟ್ಟವರು

"ಅದಾಗೇ ಬಂದು ಕೂತಿದ್ರೆ ಒಂದು ಶಾಂತಿ ಮಾಡಿಸಬಹುದಿತ್ತು. ನೀವೇ ಮನೆ ಕಟ್ಟಿ ಕರ್ಕೊಂಡಿದ್ದೀರಲ್ಲ, ಇದಕ್ಕೆ ಏನ್ ಪರಿಹಾರ ಹೇಳಾರು ಕಣಮ್ಮ?"

ಪಕ್ಕದ ಮನೆ ಆಂಟಿ ಕಾಂಪೌಂಡಿನಾಚೆಯಿಂದ ಕೇಳಿದ್ದು. ನಗು ಬಂತು, ಉತ್ತರ ಬರಲಿಲ್ಲ.

ಮಂಡ್ಯದ ಕಡೆ ಮನೆ ಹಿಂದೆಯೇ ಗದ್ದೆ ಅಂದಮೇಲೆ ಇಲಿ ಕಾಟ ಹೇಳಬೇಕಾಗಿಲ್ಲ. ಮಲೇಷ್ಯಾದ ತಾಳೆ ತೋಟಗಳಲ್ಲಿ ಇಲಿ ಹಿಡಿಯಲೆಂದೇ ಕಣಜ ಗೂಬೆಗಳಿಗೆ ಪೆಟ್ಟಿಗೆ ಇಡುತ್ತಾರಂತೆ ಎಂದು ಓದಿ ನಮ್ಮೆಜಮಾನರು ಹಿತ್ತಲ ಮಾವಿನ ಮರಕ್ಕೆ ಪ್ಲೈವುಡ್ ಡಬ್ಬ ಹೊಡೆದರು. ಇವರ ಹುಮ್ಮಸ್ಸು ಸಾಮಾನ್ಯವಾಗಿ ಮೊಳೆ ಮುಗಿಯುವ ತನಕ. ಗೂಬೆ ನಿಜಕ್ಕೂ ಬಂದೀತೆಂದು ಅವರೂ ನಂಬಿರಲಿಲ್ಲ.

ಮಧ್ಯಾಹ್ನ ಟೆರೇಸಿನಿಂದ ನೋಡಿದರೆ ಕಂಡಿ ತುಂಬ ಹೃದಯದಾಕಾರದ ಬಿಳಿ ಮುಖ. ಬಟ್ಟೆ ಕ್ಲಿಪ್ಪು ಬಿದ್ದರೂ ಕಣ್ಣು ತೆರೆಯದೆ ಮುಖ ಮಾತ್ರ ಸದ್ದಿನತ್ತ ತಿರುಗಿಸುತ್ತದೆ. ಮರದಡಿ ಹೆಬ್ಬೆರಳು ಗಾತ್ರದ ಕಪ್ಪು ಉಂಡೆಗಳು: ಅರಗದ್ದನ್ನೆಲ್ಲ ಹೀಗೆ ಕಕ್ಕುತ್ತದೆ. ಒಂದನ್ನು ನೀರಲ್ಲಿ ನೆನೆಸಿ ಕಡ್ಡಿಯಿಂದ ಬಿಡಿಸಿದೆ. ಬೂದು ರೋಮದೊಳಗೆ ಇಲಿಯ ಇಡೀ ಬುರುಡೆ, ಹಳದಿ ಬಾಚಿಹಲ್ಲಿನ ಸಮೇತ. ಆಂಟಿಗೆ ತೋರಿಸಿದೆ. "ಥೂ" ಅಂದರು. ಅಂದು, ಬಗ್ಗಿ ನೋಡಿದರು.

ನನ್ನ ಭಯ ಬೇರೆ. ಅವರ ಮನೆ ಮೂಲೆಮೂಲೆಯಲ್ಲೂ ಇಲಿ ಪಾಷಾಣ. ಈಗಿನ ಬಹಳಷ್ಟು ಪಾಷಾಣ ತಿಂದರೆ ಇಲಿ ಕೂಡಲೇ ಸಾಯುವುದಿಲ್ಲ. ದಿನಗಟ್ಟಲೆ ಮಂಕಾಗಿ ತೂರಾಡುತ್ತದೆ. ಗೂಬೆಗೆ ಅದಕ್ಕಿಂತ ಸುಲಭದ ತುತ್ತಿಲ್ಲ, ವಿಷ ಅದರ ಹೊಟ್ಟೆಗೂ ಹೋಗುತ್ತದೆ. ಹೇಳಿದೆ. "ವಿಷ ಇಟ್ಟಿರೋದು ಇಲಿಗೆ ಕಣಮ್ಮ, ಗೂಬೆಗಲ್ವಲ್ಲ." ನೀವೇ ಕರ್ಕೊಂಡಿದ್ದೀರಲ್ಲ ಅನ್ನುವ ಮಾತು ಆಮೇಲೆ ನಗು ತರಿಸಲಿಲ್ಲ. ಕರೆದ ಮೇಲೆ ಅದರ ಊಟದ ಲೆಕ್ಕವೂ ನಮ್ಮದೇ ತಾನೆ?

ಹಾಗಂತ ಆಂಟಿಯನ್ನು ಮೂಢರೆನ್ನಲಾರೆ. ಬೆಂಗಳೂರಿನ ಇಂಜಿನಿಯರ್ ಭಾವ ಫೋಟೋ ನೋಡಿದ್ದೇ "ಸ್ಟೇಟಸ್‌ಗೆ ಹಾಕು, ಲೊಕೇಶನ್ ಸಮೇತ" ಅಂದರು. ಆಂಟಿ ಅಂದದ್ದು, "ಯಾರಿಗೂ ಹೇಳ್ಬೇಡಿ. ದೀಪಾವಳಿ ಅಮಾವಾಸ್ಯೆ ಹತ್ರ ಬಂತು, ಮಾಟ ಮಾಡೋರು ಹಿಡ್ಕೊಂಡ್ ಹೋದಾರು." 1972ರ ವನ್ಯಜೀವಿ ಕಾಯ್ದೆಯಡಿ ಗೂಬೆ ಹಿಡಿಯುವುದು ಅಪರಾಧ, ಆದರೂ ಈ ಸಮಯದಲ್ಲಿ ಕದ್ದು ಮಾರುವವರಿದ್ದಾರೆ. ಕಾಯ್ದೆ ಗೊತ್ತಿದ್ದ ಭಾವನಿಗೆ ಇದು ಹೊಳೆಯಲಿಲ್ಲ.

ಪಾಷಾಣದ ಬದಲು ಬೋನು ತಂದುಕೊಡುತ್ತೇನೆ ಅಂದಿದ್ದೇನೆ. ಸಿಕ್ಕ ಇಲಿಯನ್ನು ಎಲ್ಲಿ ಬಿಡೋದು ಅಂತ ಆಂಟಿ ಈಗಲೇ ಕೇಳುತ್ತಿದ್ದಾರೆ.