ಉಪ್ಪುನೀರಿಗೆ ಬಿದ್ದ ಕ್ಯಾಮೆರಾವನ್ನು ಕೌಂಟರಿನಲ್ಲಿ ಆನ್ ಮಾಡಬೇಡಿ

ನಮ್ಮ ಅಂಗಡಿಯ ಜಾಬ್ ಕಾರ್ಡಿನಲ್ಲಿ ‘ಪವರ್ ಆನ್: ಹೌದು/ಇಲ್ಲ’ ಅಂತ ಒಂದು ಕಾಲಂ ಇದೆ. ರಿಪೇರಿಗೆ ಬಂದ ಯಾವ ಕ್ಯಾಮೆರಾ ಆದರೂ ಅದನ್ನು ತುಂಬಿಯೇ ಒಳಗೆ ಕಳಿಸಬೇಕು. ಶಟರ್ ಕೆಟ್ಟಿದ್ದರೆ, ಡಿಸ್‌ಪ್ಲೇ ಒಡೆದಿದ್ದರೆ ಸರಿ. ಸಮುದ್ರಕ್ಕೆ ಬಿದ್ದು ಬಂದ ಕ್ಯಾಮೆರಾ ಆ ಒಂದು ಟೆಸ್ಟಿನಲ್ಲೇ ಸಾಯಬಹುದು.

ಮದುವೆ ಸೀಸನ್ನಿನಲ್ಲಿ ಗದಗಿನ ಹುಡುಗನೊಬ್ಬ ಬಂದ. ಗೋಕರ್ಣದಲ್ಲಿ ಪ್ರೀ-ವೆಡ್ಡಿಂಗ್ ಶೂಟ್ ಇತ್ತಂತೆ. ಅಲೆ ಹೊಡೆದು ಟ್ರೈಪಾಡ್ ಸಮೇತ ಎಲ್ಲ ನೀರಿಗೆ. ಕೂಡಲೇ ಬ್ಯಾಟರಿ ತೆಗೆದಿದ್ದ, ಪುಣ್ಯ. ಆದರೆ ಯಾರದೋ ಮಾತು ಕೇಳಿ ಕ್ಯಾಮೆರಾವನ್ನು ಅಕ್ಕಿಯಲ್ಲಿ ಹುಗಿದು, ಅಂಕೋಲಾ, ಯಲ್ಲಾಪುರ ದಾಟಿ ಹುಬ್ಬಳ್ಳಿಗೆ ತಂದಿದ್ದ.

“ಅಣ್ಣಾರ, ಫೋಟೋ ಹೋದ್ರ ಪಾರ್ಟಿಗೆ ಏನ್ ಹೇಳ್ಲಿ?” ಅಂದ. ಮುಖ ಬಾಡಿತ್ತು.

ನಾನು ಬೆಂಚ್ ಬಿಟ್ಟು ಎದ್ದು ಬರುವಷ್ಟರಲ್ಲಿ ಕೌಂಟರಿನವನು ನಮ್ಮ ಟೆಸ್ಟ್ ಬ್ಯಾಟರಿ ಕೈಯಲ್ಲಿ ಹಿಡಿದಿದ್ದ. ಬ್ಯಾಟರಿ ಬಾಗಿಲೂ ತೆರೆದಿತ್ತು. “ಹಾಕಬ್ಯಾಡ!” ಅಂತ ಕೂಗಿ ಅವನ ಕೈ ಹಿಡಿದೆ. “ಕಾರ್ಡ್ ತುಂಬಬೇಕಲ್ರಿ” ಅಂದ ಅವನು. ಮಾಲೀಕರೂ ಬಂದರು. ಚೆಕ್ ಮಾಡದೆ ತಗೊಂಡರೆ, ನಾಳೆ ಗಿರಾಕಿ ‘ನೀವೇ ಕೆಡಿಸಿದ್ರಿ’ ಅಂದರೆ ಯಾರು ಹೊಣೆ ಅನ್ನೋದು ಅವರ ಪ್ರಶ್ನೆ. ಅದು ಸುಳ್ಳಲ್ಲ. ಆದರೆ ಗಿರಾಕಿಯ ಎದುರೇ ವಾದ ಮಾಡುತ್ತಾ ನಿಂತಷ್ಟೂ ಹೊತ್ತು ಒಳಗೆ ಉಪ್ಪು ಕೂತೇ ಇತ್ತು. ಕೊನೆಗೆ ಆ ಕಾಲಮ್ಮಿನಲ್ಲಿ ‘ಉಪ್ಪುನೀರು, ಆನ್ ಮಾಡಿಲ್ಲ’ ಅಂತ ಬರೆದು ಹುಡುಗನ ಸಹಿ ಹಾಕಿಸಿದೆ. ಇಷ್ಟಕ್ಕೆ ಹೊಸ ಕಾರ್ಡ್ ಪ್ರಿಂಟ್ ಮಾಡಿಸಬೇಕಾಗಿಲ್ಲ, ಅಲ್ವಾ?

ಸಮುದ್ರದ ಒಂದು ಲೀಟರ್ ನೀರಿನಲ್ಲಿ ಸುಮಾರು 35 ಗ್ರಾಂ ಉಪ್ಪಿರುತ್ತದೆ. ಅದರಲ್ಲಿ ಕರೆಂಟ್ ಸಲೀಸಾಗಿ ಹರಿಯುತ್ತದೆ. ಬ್ಯಾಟರಿ ಹಾಕಿದರೆ ಒಳಗಿನ ಸರ್ಕ್ಯೂಟ್ ಬೋರ್ಡಿನ ತಾಮ್ರದ ಟ್ರ್ಯಾಕ್ ಕರಗಿ ಹಸಿರು ಕಟ್ಟುತ್ತದೆ. ಬ್ಯಾಟರಿ ಇಲ್ಲದಿದ್ದರೂ ತುಕ್ಕು ಹಿಡಿಯುತ್ತದೆ, ಆದರೆ ನಿಧಾನವಾಗಿ. ಆ ನಿಧಾನದಲ್ಲೇ ನಮ್ಮ ಕೆಲಸ. ಅಕ್ಕಿ ಏನೂ ಮಾಡುವುದಿಲ್ಲ. ನೀರು ಆರುತ್ತದೆ, ಉಪ್ಪು ಒಳಗೇ ಗಟ್ಟಿಯಾಗುತ್ತದೆ. ಬ್ಯಾಟರಿ, ಮೆಮೊರಿ ಕಾರ್ಡ್ ತೆಗೆದು ಅಲ್ಲೇ ಸಿಹಿನೀರಿನಲ್ಲಿ ಅದ್ದಿ ತೆಗೆದಿದ್ದರೆ ನನಗೆ ಅರ್ಧ ಕೆಲಸ ಕಡಿಮೆ ಆಗುತ್ತಿತ್ತು.

ಮೊದಲು ಮೆಮೊರಿ ಕಾರ್ಡ್ ತೊಳೆದು, ಪೂರ್ತಿ ಒಣಗಿಸಿ ರೀಡರಿಗೆ ಹಾಕಿದೆ. ಫೋಟೋ ಎಲ್ಲ ಇದ್ದವು. ಹುಡುಗ ಅಲ್ಲೇ ಸ್ಟೂಲ್ ಮೇಲೆ ಕೂತುಬಿಟ್ಟ.

ಕ್ಯಾಮೆರಾ ಬಾಡಿಯಲ್ಲಿ ಪಾಪ್-ಅಪ್ ಫ್ಲ್ಯಾಶ್ ಇತ್ತು. ಅದಕ್ಕೆ ಕರೆಂಟ್ ಕೂಡಿಡುವ ಕೆಪಾಸಿಟರಿನಲ್ಲಿ ಬ್ಯಾಟರಿ ತೆಗೆದ ಮೇಲೂ 300 ವೋಲ್ಟ್ ಉಳಿದಿರಬಹುದು. ರೆಸಿಸ್ಟರ್ ಹಿಡಿದು ಡಿಸ್ಚಾರ್ಜ್ ಮಾಡದೆ ಬೋರ್ಡ್ ಮುಟ್ಟಲೇಬಾರದು. ಆಮೇಲೆ ಮೇಲಿನ ಲೋಹದ ಮುಚ್ಚಳ, ಅಂದರೆ ಶೀಲ್ಡ್ ಬಿಚ್ಚಿ, ಬೋರ್ಡನ್ನು ಡಿಸ್ಟಿಲ್ಡ್ ವಾಟರಿನಲ್ಲಿ ನೀರು ಬದಲಿಸಿ ಬದಲಿಸಿ ತೊಳೆದೆ. ನಮ್ಮಲ್ಲಿ ಬಹಳ ಜನ ಸೀದಾ ಐಪಿಎ (ಐಸೊಪ್ರೊಪೈಲ್ ಆಲ್ಕೋಹಾಲ್) ಸುರಿಯುತ್ತಾರೆ. ಐಪಿಎಯಲ್ಲಿ ಉಪ್ಪು ಕರಗೋದೇ ಇಲ್ಲ ಅನ್ನಬೇಕು. ಅದು ಕೊನೆಗೆ, ನೀರು ಓಡಿಸೋದಕ್ಕೆ. ಡಿಸ್ಟಿಲ್ಡ್ ವಾಟರ್ ಕ್ಯಾನ್ ಕೇಳಿದರೆ ಮಾತ್ರ ನಮ್ಮಲ್ಲಿ ಖರ್ಚಿನ ಮಾತು ಬರುತ್ತದೆ.

ಬಾಡಿ ಬದುಕಿತು. ಲೆನ್ಸಿನ ಫೋಕಸ್ ಮೋಟರ್ ಹಿಡಿದುಕೊಂಡಿತ್ತು, ಗಾಜುಗಳ ನಡುವೆ ಉಪ್ಪಿನ ಕಲೆ. ಲೆನ್ಸಿನ ಆಸೆ ಬಿಡು ಅಂದೆ. ಅವನ ಹಳೇ ಬ್ಯಾಟರಿಯನ್ನು ಚಾರ್ಜಿಗೆ ಹಾಕಲೇಬೇಡ ಅಂದೆ, ಬೆಂಕಿ ಹತ್ತಬಹುದು.

ಚಿಪ್ಪುಗಳ ಅಡಿಯಲ್ಲಿ ಸ್ವಲ್ಪ ಉಪ್ಪು ಉಳಿದೇ ಇರುತ್ತದೆ. ಬೇಸಿಗೆಯ ಒಣ ಗಾಳಿಯಲ್ಲಿ ಅದು ಸುಮ್ನೆ ಇರುತ್ತದೆ. ಮಳೆ ಶುರುವಾಗಿ ಗಾಳಿಯ ತೇವ 75 ಪರ್ಸೆಂಟ್ ದಾಟಿದರೆ ತಾನೇ ನೀರು ಎಳೆದುಕೊಳ್ಳುತ್ತದೆ. ಅದಕ್ಕೇ ಹುಡುಗನಿಗೆ ಹೇಳಿ ಕಳಿಸಿದೆ: ಮದುವೆಗೆ ಎರಡನೇ ಕ್ಯಾಮೆರಾ ಆಗಿ ಮಾತ್ರ ಒಯ್ಯಿ, ಜೂನ್‌ನಲ್ಲಿ ಒಮ್ಮೆ ತಗೊಂಡು ಬಾ, ಬಿಚ್ಚಿ ನೋಡ್ತೀನಿ.