ಕತ್ತಲಲ್ಲಿ ಕಂಡ ಕೆಂಪು

ಭಾನುವಾರ, 9 ನವೆಂಬರ್ 2025

ರಾತ್ರಿ ಹನ್ನೊಂದು ದಾಟಿದೆ. ಹೆಬ್ಬೆರಳಿನ ಮೇಲೆ ಸೋಲ್ಡರಿಂಗ್ ಐರನ್ ತಾಗಿದ ಗುಳ್ಳೆ, ಮೇಜಿನ ತುಂಬ ವೈರಿನ ಚೂರು. ಆಂಪ್ಲಿಫೈಯರ್ ಆಫ್ ಮಾಡಿ ಅರ್ಧ ಗಂಟೆಯಾದರೂ ಟ್ರಾನ್ಸ್‌ಫಾರ್ಮರ್ ಇನ್ನೂ ಬೆಚ್ಚಗಿದೆ. ಮಲಗುವ ಮುಂಚೆ ಬರೆದಿಟ್ಟುಬಿಡುತ್ತೇನೆ. ಇವತ್ತು ನಾನು ಮಾಡಿದ ತಪ್ಪು ಗೊತ್ತಿಲ್ಲದೆ ಮಾಡಿದ್ದಲ್ಲ, ಗೊತ್ತಿದ್ದೂ ಮಾಡಿದ್ದು.

ಇದು ಮನೆಗೆ ಬಂದು ಮೂರು ವಾರವಾಯಿತು. ಡೈನಾಕೋ ಸ್ಟೀರಿಯೊ 70, ಹಾಡು ಕೇಳುವ ಹಳೇ ಆಂಪ್ಲಿಫೈಯರ್. ಡೇವಿಡ್ ಹಾಫ್ಲರ್ ಅವರ ಕಂಪನಿ 1959ರಲ್ಲಿ ಹೊರತಂದ ಮಾಡೆಲ್. ಕಿಟ್ ಕೊಂಡು ಮನೆಯಲ್ಲೇ ಕೂತು ಜೋಡಿಸಿಕೊಳ್ಳಬಹುದಾಗಿತ್ತು. ಚಾನೆಲ್ಲಿಗೆ 35 ವಾಟ್, ಎರಡೆರಡು ಇಎಲ್34 ವಾಲ್ವ್, ಅಂದರೆ ಟ್ರಾನ್ಸಿಸ್ಟರಿನ ಕೆಲಸ ಮಾಡುವ ಗಾಜಿನ ಟ್ಯೂಬು. ನನಗೆ ಮಾರಿದ ಯಜಮಾನರ ತಂದೆ ಇದನ್ನು ಕೈಯಾರೆ ಕಟ್ಟಿದ್ದಂತೆ. ನಾನು ಹೋಗುವಷ್ಟರಲ್ಲಿ ಅವರು ಧೂಳು ಒರೆಸಿ ಮೇಜಿನ ಮೇಲಿಟ್ಟು, ಪ್ಲಗ್ ಕೈಯಲ್ಲಿ ಹಿಡಿದೇ ನಿಂತಿದ್ದರು.

“ಬನ್ನಿ, ಹಾಕಿಯೇ ತೋರಿಸ್ತೀನಿ. ಆಮೇಲೆ ಮಾತಾಡೋಣ.”

“ಬೇಡಿ ಸಾರ್, ದಯವಿಟ್ಟು ಹಾಕ್ಬೇಡಿ!”

ಅವರ ಮುಖ ಸಣ್ಣದಾಯಿತು. ಅನುಮಾನ ಪಡುತ್ತಿದ್ದೇನೆ ಅಂದುಕೊಂಡರೋ ಏನೋ. ಅದರ ಹಿಂಬದಿಯಲ್ಲಿ 117 ವೋಲ್ಟ್ ಅಂತ ಅಚ್ಚಾಗಿತ್ತು, ಗೋಡೆಯಲ್ಲಿದ್ದದ್ದು 230. ಜೊತೆಗಿದ್ದ, ವೋಲ್ಟೇಜ್ ಇಳಿಸುವ ಸ್ಟೆಪ್‌ಡೌನ್ ಯಾವ ಕಾಲಕ್ಕೋ ಕಳೆದುಹೋಗಿತ್ತು. ಅದನ್ನು ವಿವರಿಸಿದ ಮೇಲೆ ಪ್ಲಗ್ಗನ್ನು ಹಾವು ಬಿಟ್ಟಂತೆ ಕೆಳಗೆ ಬಿಟ್ಟರು. ಸರಿಯಾದ ವೋಲ್ಟೇಜೇ ಇದ್ದಿದ್ದರೂ ನಾನು ಬೇಡವೆನ್ನುತ್ತಿದ್ದೆ. ಇಪ್ಪತ್ತು ಮೂವತ್ತು ವರ್ಷ ಸುಮ್ಮನೆ ಕೂತ, ಚಾರ್ಜ್ ಹಿಡಿದಿಡುವ ಎಲೆಕ್ಟ್ರೋಲಿಟಿಕ್ ಕೆಪಾಸಿಟರ್‌ಗೆ ಒಮ್ಮೆಲೇ 400ಕ್ಕೂ ಮೇಲೆ ವೋಲ್ಟ್ ಬಿದ್ದರೆ ಅದು ಒಳಗೇ ಶಾರ್ಟ್ ಆಗಿ, ಹೋಗುವಾಗ ಪವರ್ ಟ್ರಾನ್ಸ್‌ಫಾರ್ಮರನ್ನೂ ಎಳೆದುಕೊಂಡು ಹೋಗಬಹುದು. “ಹಾಕಿ ನೋಡಿದೆ, ಹಾಡುತ್ತೆ” ಎಂದು ಹೇಳುವ ಮಾರಾಟಗಾರರನ್ನು ಕಂಡರೆ ಅದಕ್ಕೇ ನನಗೆ ಭಯ.

ಕೊಳ್ಳುವಾಗ ನಾನು ವಾಲ್ವ್ ನೋಡುವುದೇ ಕೊನೆಗೆ. ಅವರು ಪಾಪ, ನಾಲ್ಕೂ ಇಎಲ್34 ಒರಿಜಿನಲ್ ಅಂತ ತೋರಿಸಿದ್ದೇ ತೋರಿಸಿದ್ದು. ಗಾಜಿನ ತುದಿಯ ಬೆಳ್ಳಿ ಲೇಪ ಹಾಲಿನಂತೆ ಬೆಳ್ಳಗಾಗಿದ್ದರೆ ಒಳಗೆ ಗಾಳಿ ಹೊಕ್ಕಿದೆ ಅಂತ ಅರ್ಥ, ಆ ವಾಲ್ವು ಸತ್ತಂತೆ. ಇವುಗಳಲ್ಲಿ ಒಂದು ಹಾಗೇ ಆಗಿತ್ತು. ಹೋಗಲಿ, ಇಎಲ್34 ಈಗಲೂ ಹೊಸದಾಗಿ ತಯಾರಾಗುತ್ತದೆ. ಸಿಗದೆ ಇರುವುದು ಟ್ರಾನ್ಸ್‌ಫಾರ್ಮರ್. ಎರಡು ಔಟ್‌ಪುಟ್, ಒಂದು ಪವರ್: ಈ ಮೂರು ಕಬ್ಬಿಣದ ಗಟ್ಟಿಗಳಿಗೇ ನಾನು ದುಡ್ಡು ಕೊಡುವುದು, ಮಿಕ್ಕದ್ದೆಲ್ಲ ಅವುಗಳ ಜೊತೆಗೆ ಬಂದದ್ದು ಅಂತ ಲೆಕ್ಕ. ಪವರ್ ಟ್ರಾನ್ಸ್‌ಫಾರ್ಮರಿಗೆ ಮೂಗು ಹಚ್ಚಿ ಮೂಸಿದೆ. ಹಳೇ ಧೂಳಿನ ವಾಸನೆ, ಸುಟ್ಟ ವಾರ್ನಿಷ್‌ದಲ್ಲ. ಮೀಟರಿನಲ್ಲಿ ಔಟ್‌ಪುಟ್ ಟ್ರಾನ್ಸ್‌ಫಾರ್ಮರುಗಳ ಪ್ರೈಮರಿ, ಅಂದರೆ ವಾಲ್ವಿನ ಕಡೆಯ ಸುತ್ತು, ಅಳೆದೆ. ಎರಡೂ ಕಡೆ ತಂತಿ ಎಲ್ಲೂ ಕಡಿದಿಲ್ಲ, ಎಡಬಲದ ಅಳತೆ ಹೆಚ್ಚುಕಡಿಮೆ ಒಂದೇ. ಅಲ್ಲಿಗೆ ವ್ಯಾಪಾರ ಮುಗಿಯಿತು.

ಮನೆಗೆ ತಂದು ತಿರುವಿಹಾಕಿ ತಳದ ತಗಡು ತೆಗೆದಾಗ ಆ ತಂದೆಯ ಪರಿಚಯವಾಯಿತು. ಅವರು ಕಲಿಯುತ್ತಾ ಕಟ್ಟಿದ್ದಾರೆ. ಒಂದು ಮೂಲೆಯ ಬೆಸುಗೆಗಳೆಲ್ಲ ದಪ್ಪ ದಪ್ಪ, ಸೀಸ ಸುರಿದಂತೆ, ಒಂದೆರಡು ಕಡೆ ಪಕ್ಕದ ವೈರಿನ ಪ್ಲಾಸ್ಟಿಕ್ಕೂ ಕರಗಿದೆ. ಅಲ್ಲಿಂದ ಮುಂದಕ್ಕೆ ಬರುತ್ತಾ ಬರುತ್ತಾ ಕೈ ಪಳಗಿದೆ. ಕೊನೆಯ ಸ್ಪೀಕರ್ ಟರ್ಮಿನಲ್‌ಗಳ ಬೆಸುಗೆ ಕನ್ನಡಿಯಂತೆ ಹೊಳೆಯುತ್ತದೆ, ಒಂದು ಹನಿಯೂ ಹೆಚ್ಚಿಲ್ಲ. ಎಲ್ಲಿ ಶುರುಮಾಡಿದರು, ಎಲ್ಲಿ ಮುಗಿಸಿದರು ಅಂತ ಬೆರಳಿಟ್ಟು ತೋರಿಸಬಹುದು.

ಅವರ ನಂತರ ಇನ್ಯಾವುದೋ ಕೈ ಇದರೊಳಗೆ ಆಡಿದೆ. ಆ ಕೈಯ ಬಗ್ಗೆ ನನಗೆ ಅಷ್ಟು ಗೌರವವಿಲ್ಲ. ಫ್ಯೂಸಿಗೆ ಬೆಳ್ಳಿ ಕಾಗದ ಸುತ್ತಿತ್ತು. ಅಷ್ಟೇ ಅಲ್ಲ, ಗುಂಯ್‌ಗುಡುವುದನ್ನು ಕಮ್ಮಿ ಮಾಡಲು, ಎಸಿಯನ್ನು ಡಿಸಿ ಮಾಡುವ ರೆಕ್ಟಿಫೈಯರ್ ವಾಲ್ವಿನ ಮುಂದೆಯೇ 220 ಮೈಕ್ರೋಫ್ಯಾರಡ್ ಕೆಪಾಸಿಟರ್ ತಂದು ಬೆಸೆದಿದ್ದರು. ಇದರಲ್ಲಿನ ರೆಕ್ಟಿಫೈಯರ್ ಜಿಝಡ್34. ಅದರ ಮುಂದಿನ ಮೊದಲ ಕೆಪಾಸಿಟರ್ 60 ಮೈಕ್ರೋಫ್ಯಾರಡ್ ದಾಟಬಾರದು. ದಾಟಿದರೆ ಕೆಪಾಸಿಟರ್ ತುಂಬುವಾಗ ಎಳೆಯುವ ಕರೆಂಟಿಗೆ ವಾಲ್ವಿನ ಒಳಗೇ ಕಿಡಿ ಹಾರುತ್ತದೆ. ಹಾರಿತ್ತು ಕೂಡ, ಆ ವಾಲ್ವು ಸತ್ತೇ ಬಂದಿತ್ತು.

ಹೀಗಾಗಿ ಮೂರು ವಾರದಲ್ಲಿ ಬದಲಾಯಿಸಿದ್ದು ಬಹಳ. ಡಬ್ಬಿಯಂತಹ ಮುಖ್ಯ ಕೆಪಾಸಿಟರ್, ವಾಲ್ವ್ ಸುಮ್ಮನಿದ್ದಾಗ ಎಷ್ಟು ಕರೆಂಟು ಎಳೆಯಬೇಕೆಂದು ನಿಗದಿ ಮಾಡುವ ಬಯಾಸ್ ಸರ್ಕ್ಯೂಟಿನ ಸೆಲೆನಿಯಮ್ ರೆಕ್ಟಿಫೈಯರ್ (ಅದರ ಜಾಗಕ್ಕೆ ಸಿಲಿಕಾನ್ ಡಯೋಡ್), ಅಲ್ಲಿನ ಎರಡು ಸಣ್ಣ ಎಲೆಕ್ಟ್ರೋಲಿಟಿಕ್, ಮೌಲ್ಯ ಏರಿಹೋಗಿದ್ದ ಕಾರ್ಬನ್ ರೆಸಿಸ್ಟರ್‌ಗಳು, ಮೂರು ಪಿನ್ನಿನ ಹೊಸ ವೈರು. ಒಂದೊಂದನ್ನು ಕಿತ್ತಾಗಲೂ ಆ ತಂದೆಯ ಬೆಸುಗೆ ಒಂದೊಂದು ಕರಗುತ್ತಿತ್ತು. ಡಿಸಿಯನ್ನು ತಡೆದು ಹಾಡಿನ ಸಿಗ್ನಲನ್ನಷ್ಟೇ ಇಎಲ್34ಗಳಿಗೆ ದಾಟಿಸುವ ನಾಲ್ಕು ಕಪ್ಲಿಂಗ್ ಕೆಪಾಸಿಟರ್‌ಗಳ ಹತ್ತಿರ ಬಂದಾಗ ಕೈ ನಿಂತಿತು. ಅವರು ಅವುಗಳ ಕಾಲನ್ನು ಅಳೆದು, ಬಾಗಿಸಿ, ನಾಲ್ಕನ್ನೂ ಒಂದೇ ಓರೆಯಲ್ಲಿ ಕೂರಿಸಿದ್ದರು. ಅಳೆದು ನೋಡಿದೆ, ಮೌಲ್ಯ ಸರಿಯಾಗಿಯೇ ಇತ್ತು. ಇವಿಷ್ಟು ಇರಲಿ ಬಿಡು ಅಂದುಕೊಂಡೆ.

ಇವತ್ತು ಮೊದಲ ಸಲ ಕರೆಂಟು ಕೊಡುವ ದಿನ. ಮಗಳನ್ನು ಸ್ವಿಚ್ಚಿನ ಪಕ್ಕ ನಿಲ್ಲಿಸಿದೆ. ನಾನು ಕೂಗಿದ ತಕ್ಷಣ ಆಫ್ ಮಾಡುವುದಷ್ಟೇ ಅವಳ ಕೆಲಸ. ನಡುವೆ ಬೇರೊಂದು ಸ್ಟೆಪ್‌ಡೌನ್, ಜೊತೆಗೆ ಕರೆಂಟು ಅತಿಯಾಗದಂತೆ ತಡೆಯಲು 100 ವಾಟಿನ ಸೀರೀಸ್ ಲ್ಯಾಂಪ್. ಎಲ್‌ಇಡಿ ಇದಕ್ಕೆ ನಡೆಯದು, ತಂತಿ ಉರಿಯುವ ಹಳೇ ಬಲ್ಬೇ ಬೇಕು. ವಾಲ್ವ್ ಒಂದೂ ಇಲ್ಲದೆ ಮೊದಲು ಹಾಕಿದಾಗ ಬಲ್ಬು ಝಗ್ಗೆಂದು ಹೊತ್ತಿ ಮಂಕಾಯಿತು. ಮಂಕಾಗದೆ ಉರಿಯುತ್ತಲೇ ಇದ್ದಿದ್ದರೆ ಎಲ್ಲೋ ಶಾರ್ಟ್ ಅಂತ ಅರ್ಥ. ಆಮೇಲೆ ರೆಕ್ಟಿಫೈಯರ್ ವಾಲ್ವ್ ಒಂದನ್ನೇ ಕೂರಿಸಿ ನೋಡಿದರೆ ಮೀಟರು 500ರ ಹತ್ತಿರ ತೋರಿಸಿತು. ಅಲ್ಲಿ ಆಫ್ ಮಾಡಿಸಿದೆ. ಬೇರೆ ವಾಲ್ವ್ ಇಲ್ಲದಿದ್ದಾಗ ಈ ಚಾರ್ಜ್ ಹರಿದುಹೋಗಲು ದಾರಿಯೇ ಇಲ್ಲ. ಹತ್ತು ನಿಮಿಷ ಬಿಟ್ಟು ಅಳೆದರೂ 300 ದಾಟಿತ್ತು. ಪ್ಲಗ್ ಕಿತ್ತು ನೆಲದ ಮೇಲೆ ಬಿದ್ದಿದೆ, ಆದರೂ ಒಳಗೆ ಸಾಯಿಸುವಷ್ಟು ಇದೆ. ಎಡಗೈ ಜೇಬಿನಲ್ಲಿಟ್ಟುಕೊಂಡು ದೊಡ್ಡ ರೆಸಿಸ್ಟರಿನಿಂದ ಅದನ್ನು ಇಳಿಸಿ, ಸೊನ್ನೆಗೆ ಬಂತು ಅಂತ ಎರಡು ಸಲ ನೋಡಿದ ಮೇಲೆಯೇ ಮುಂದಿನ ಕೆಲಸ.

ಸಂಜೆ ಆರಕ್ಕೆ ಎಲ್ಲ ವಾಲ್ವ್ ಹಾಕಿ, ಬಿಸಾಡಿದರೂ ಬೇಸರವಿಲ್ಲದ ಎರಡು ಹಳೇ ಸ್ಪೀಕರ್ ಕಟ್ಟಿದೆ. ಸ್ಪೀಕರ್ ಇಲ್ಲದೆ ವಾಲ್ವ್ ಆಂಪ್ಲಿಫೈಯರ್ ಓಡಿಸಿದರೆ ಔಟ್‌ಪುಟ್ ಟ್ರಾನ್ಸ್‌ಫಾರ್ಮರಿಗೇ ಕುತ್ತು. ಸೀರೀಸ್ ಲ್ಯಾಂಪ್ ತೆಗೆದು ಸ್ಟೆಪ್‌ಡೌನಿನಿಂದ ನೇರ ಕೊಟ್ಟಾಯಿತು, ಬಯಾಸ್ ಇಟ್ಟಾಯಿತು. ಕಂಪನಿಯ ಪುಸ್ತಕದಂತೆ 15.6 ಓಮಿನ ರೆಸಿಸ್ಟರಿನ ಮೇಲೆ 1.56 ವೋಲ್ಟ್ ಇಡಬೇಕು. ಅಂದರೆ ಜೋಡಿಗೆ 100 ಮಿಲಿಆಂಪ್, ಒಂದು ವಾಲ್ವಿಗೆ 50. 430 ವೋಲ್ಟಿನ ಹತ್ತಿರ ಅದು 21 ವಾಟ್ ದಾಟುತ್ತದೆ. ಇಎಲ್34ರ ಪ್ಲೇಟು, ಅಂದರೆ ಒಳಗಿನ ಲೋಹದ ತಗಡು, ತಡೆಯುವುದೇ 25. ನಾನು ಅಷ್ಟು ಬಿಸಿಗೆ ಹೋಗುವವನಲ್ಲ, 1.25ಕ್ಕೆ ನಿಲ್ಲಿಸಿದೆ. ಕಿವಿಗೆ ವ್ಯತ್ಯಾಸ ಗೊತ್ತಾಗುವುದಿಲ್ಲ, ವಾಲ್ವಿಗೆ ಗೊತ್ತಾಗುತ್ತದೆ.

ಹಾಡಿತು. ಹತ್ತು ನಿಮಿಷ ನಾನು ಮೀಟರನ್ನೇ ಮರೆತೆ. ಮಗಳು “ವಾಲ್ವ್ ಹೇಗೆ ಹೊಳೀತಾವೆ ನೋಡೋಣ” ಅಂತ ದೀಪ ಆರಿಸಿದಳು. ಕಿತ್ತಳೆ ಬಣ್ಣದ ಫಿಲಮೆಂಟು, ಗಾಜಿನ ಮೇಲೆ ತೆಳುನೀಲಿ. ಚೆನ್ನಾಗಿತ್ತು.

“ಅಪ್ಪಾ, ಇದೊಂದರ ತಗಡೇ ಕೆಂಪಾಗ್ತಿದೆಯಲ್ಲ, ಹಾಗೂ ಆಗುತ್ತಾ?”

ಬಲಗಡೆಯ ಎರಡನೆಯದು. ಬೂದು ಪ್ಲೇಟಿನ ಅಂಚಿನಲ್ಲಿ ಮಸುಕಾದ ಇಟ್ಟಿಗೆ ಕೆಂಪು, ಒಲೆಯ ಮೇಲೆ ಮರೆತ ಕಬ್ಬಿಣದಂತೆ. ದೀಪ ಉರಿಯುತ್ತಿದ್ದರೆ ಅದು ಕಾಣುತ್ತಲೇ ಇರಲಿಲ್ಲ. ಕೂಗಿದೆ, ಆಫ್ ಮಾಡಿದಳು. ಮೀಟರ್ ಕಡೆ ಕೊನೆಯ ಕ್ಷಣದಲ್ಲಿ ಕಣ್ಣು ಹಾಯಿಸಿದ್ದೆ: 1.9.

ಎಲ್ಲಿಂದ ಅಂತ ನೋಡುವ ಮೊದಲೇ ಗೊತ್ತಿತ್ತು. ಆ ಇಎಲ್34ಗಳನ್ನು ತೆಗೆದಿಟ್ಟು, ಒಳಗೆ ಬಿಸಿಯಿರುವಾಗಲೇ ಮತ್ತೆ ಕರೆಂಟು ಕೊಟ್ಟು, ನಾಲ್ಕೂ ಸಾಕೆಟ್ಟಿನಲ್ಲಿ ಗ್ರಿಡ್ಡಿನ ವೋಲ್ಟೇಜ್ ಅಳೆದೆ. ವಾಲ್ವಿನ ಕರೆಂಟನ್ನು ಹಿಡಿತದಲ್ಲಿಡುವುದೇ ಗ್ರಿಡ್. ಮೂರು ಕಡೆ ಮೈನಸ್ 36, ನಾಲ್ಕನೆಯದರಲ್ಲಿ ಮೈನಸ್ 24. ಕಪ್ಲಿಂಗ್ ಕೆಪಾಸಿಟರ್ ಆಚೆಯ ಡಿಸಿಯನ್ನು ಈಚೆಗೆ ಬಿಡುತ್ತಿದೆ, ಗ್ರಿಡ್ಡಿನ ಹಿಡಿತ ಸಡಿಲಿದೆ, ವಾಲ್ವು ಮನಸೋ ಇಚ್ಛೆ ಕರೆಂಟು ಎಳೆಯುತ್ತಿದೆ. ನಾನು ಅಳೆದಿದ್ದು ಮೌಲ್ಯವನ್ನು. ಸೋರುವುದು ತಣ್ಣಗಿರುವಾಗ, ಮೀಟರಿನ ಒಂಬತ್ತು ವೋಲ್ಟಿನಲ್ಲಿ ಕಾಣುವುದಿಲ್ಲ. 200 ವೋಲ್ಟು, ಚಾಸಿಯ ಬಿಸಿ ಎರಡೂ ಸೇರಿದಾಗ ಕಾಣುತ್ತದೆ. ಇದನ್ನು ನಾನೇ ಎಷ್ಟು ಜನಕ್ಕೆ ಹೇಳಿಲ್ಲ!

ನಾಲ್ಕನ್ನೂ ಕಿತ್ತೆ. ಹೊಸ ಫಿಲ್ಮ್ ಕೆಪಾಸಿಟರ್‌ಗಳು ಗಾತ್ರದಲ್ಲಿ ಸಣ್ಣವು, ಹೇಗೆ ಬೇಕಾದರೂ ಕೂರುತ್ತವೆ. ಆದರೂ ಅವರು ಇಟ್ಟಿದ್ದ ಓರೆಯಲ್ಲೇ ಕೂರಿಸಿದೆ. ಅದಕ್ಕೇ ಹೆಬ್ಬೆರಳು ಸುಟ್ಟದ್ದು. ಹಳೆಯ ನಾಲ್ಕನ್ನು ಒಂದು ಡಬ್ಬಿಯಲ್ಲಿ ಹಾಕಿಟ್ಟಿದ್ದೇನೆ, ಯಜಮಾನರು ಕೇಳಿದರೆ ಕೊಡಬಹುದು.

ಒಂಬತ್ತರಿಂದ ಒಂದೂವರೆ ಗಂಟೆ ಸತತ ಓಡಿಸಿದೆ. 1.25 ಅಲ್ಲಾಡಲಿಲ್ಲ. ಎಡಗಡೆ ಸಣ್ಣ ಹಮ್ ಇತ್ತು. ಇನ್‌ಪುಟ್ ಕೇಬಲ್ ಕಿತ್ತರೆ ಮಾಯ, ಅಂದರೆ ಇದರದ್ದಲ್ಲ, ಅರ್ಥಿಂಗಿನದು. ಅದನ್ನು ಇನ್ನೊಂದು ದಿನ ನೋಡಿದರಾಯಿತು. ಯಜಮಾನರಿಗೆ ಫೋನ್ ಮಾಡಿ ಸ್ಪೀಕರ್ ಹತ್ತಿರ ಹಿಡಿದೆ. ಫೋನಿನಲ್ಲಿ ಏನು ಕೇಳಿಸಿತೋ. “ನಮ್ಮಪ್ಪ ಹಾಕಿದ ತಕ್ಷಣ ಕೂರ್ತಿರಲಿಲ್ಲ ಕಣ್ರೀ, ದೀಪ ಆರಿಸಿ ಒಂದು ಸುತ್ತು ಬಂದು ನೋಡೋರು. ನಮಗೆ ಅದೇನೋ ಪೂಜೆ ಇದ್ದ ಹಾಗೆ ಕಾಣೋದು” ಅಂದರು.

ಇನ್ನುಳಿದದ್ದು ಬಲಗಡೆಯ 7199, ಇಎಲ್34ಗಳಿಗೆ ಸಿಗ್ನಲ್ ಕೊಡುವ ಸಣ್ಣ ವಾಲ್ವ್. ಪೆನ್ಸಿಲಿನಿಂದ ತಟ್ಟಿದರೆ ಸ್ಪೀಕರಿನಲ್ಲಿ ಗಂಟೆಯಂತೆ ಠಣ್ ಅನ್ನುತ್ತದೆ. ಹಳೆಯ ಒಳ್ಳೆ 7199 ಸಿಗುವುದು ಕಷ್ಟ. ಅಡಾಪ್ಟರ್ ಹಾಕಿ 6ಜಿಎಚ್8 ಅನ್ನುವ ಬೇರೆ ವಾಲ್ವ್ ಕೂರಿಸಬಹುದು, ನನಗೆ ಅಷ್ಟು ಮನಸ್ಸಿಲ್ಲ. ನಾಳೆ ಎಡಬಲ ಅದಲು ಬದಲು ಮಾಡಿ, ಸದ್ದೂ ಅದರ ಜೊತೆಗೇ ಹೋಗುತ್ತದಾ ನೋಡಬೇಕು.